ಹಸುವಿಗೆ ಚುಚ್ಚಿದ ವಿಟಮಿನ್ ಇ ಅಪ್ಪನಿಗೆ ಯಾಕೆ ಬೇಡ?

ಕೊಟ್ಟಿಗೆ_ಹುಡುಗ
ನಮಸ್ಕಾರ. ಒಂದೇ ವಾರದಲ್ಲಿ ಇಬ್ಬರು ಡಾಕ್ಟರು ಎರಡು ಥರ ಹೇಳಿ ನನ್ನ ತಲೆ ಕೆಡಿಸಿದ್ದಾರೆ. ತಿಳಿದವರು ಬಿಡಿಸಿ ಹೇಳಿ.

ನಮ್ಮ ಹಸು ಈಗ ಎಂಟೂವರೆ ತಿಂಗಳ ಗಬ್ಬ. ಕಳೆದ ಸಲ ಕರು ಹಾಕಿ ಎರಡು ದಿನವಾದರೂ ಕಸ (ಮಾಸು) ಬಿದ್ದಿರಲಿಲ್ಲ. ಅದರ ಬೆನ್ನಿಗೇ ಕೆಚ್ಚಲು ಬಾವು. ಹಾಗಾಗಿ ಈ ಸಲ ಪಶುವೈದ್ಯರು ಮುಂಚೆಯೇ ಬಂದು ವಿಟಮಿನ್ ಇ ಮತ್ತು ಸೆಲೆನಿಯಂ ಎಂಬ ಖನಿಜ ಇರುವ ಇಂಜೆಕ್ಷನ್ ಕೊಟ್ಟರು. "ಇದು ಆಂಟಿಆಕ್ಸಿಡೆಂಟ್ ಕಣಪ್ಪ, ರೋಗ ತಡೆಯೋ ಶಕ್ತಿ ಬರುತ್ತೆ" ಅಂದರು. ಸರಿ ಅಂದುಕೊಂಡೆ.

ಮೂರು ದಿನ ಬಿಟ್ಟು ಅಪ್ಪನನ್ನು ಚೆಕಪ್‌ಗೆ ಕರೆದುಕೊಂಡು ಹೋದೆ. ಅವರಿಗೆ 68. ಮೂವತ್ತು ವರ್ಷ ಸಿಗರೇಟು ಸೇದಿದ್ದಾರೆ, ಈಗಲೂ ಕದ್ದುಮುಚ್ಚಿ ನಡೀತಾ ಇದೆ. ಯಾರೋ ಹೇಳಿದರು ಅಂತ ಒಂದು ಕ್ಯಾಪ್ಸೂಲ್ ನುಂಗುತ್ತಾರೆ. ಬೀಟಾ ಕ್ಯಾರೊಟಿನ್ (ಕ್ಯಾರೆಟ್ಟಿಗೆ ಬಣ್ಣ ಕೊಡುವ ವಸ್ತು), ವಿಟಮಿನ್ ಇ, ವಿಟಮಿನ್ ಸಿ, ಸೆಲೆನಿಯಂ ಎಲ್ಲ ಅದರಲ್ಲಿದೆ. ಡಾಕ್ಟರು ಡಬ್ಬಿ ತಿರುಗಿಸಿ ನೋಡಿದ್ದೇ "ಇದನ್ನ ಇವತ್ತೇ ಬಿಡಿ" ಅಂದರು. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಯಾಕೆ ಅಂತ ಕೇಳುವಷ್ಟರಲ್ಲಿ ನಾವು ಬಾಗಿಲ ಹೊರಗೆ.

ಹಸುವಿಗೆ ಒಳ್ಳೇದು, ಅಪ್ಪನಿಗೆ ಕೆಟ್ಟದ್ದಾ? ಅಪ್ಪನಂತೂ "ನನಗಿಂತ ಹಸುವೇ ಜಾಸ್ತಿ ಆಯ್ತಾ ನಿಮಗೆ" ಅಂತ ಮುಖ ಊದಿಸಿಕೊಂಡಿದ್ದಾರೆ.

ಸುಮ್ನೆ_ಓದುವವ
ಹಸು ಸಿಗರೇಟು ಸೇದಲ್ಲ. ಉತ್ತರ ಅಷ್ಟೇ ಇರಬಹುದು.

ತಕರಾರು_ತಮ್ಮ
ಎರಡೂ ಕಡೆ ಔಷಧಿ ಮಾರುವವರ ಆಟ. ಆಂಟಿಆಕ್ಸಿಡೆಂಟ್ ಅನ್ನೋ ಪದ ಕಂಡರೇ ನನಗೆ ಅನುಮಾನ. ಮುಖದ ಕ್ರೀಮಿನಲ್ಲೂ ಅದೇ, ನಾಯಿ ಬಿಸ್ಕತ್ತಿನಲ್ಲೂ ಅದೇ.

ನಾಲ್ಕು_ಕಾಲಿನ_ಡಾಕ್ಟರು
ನಿವೃತ್ತ ಪಶುವೈದ್ಯ ನಾನು. ಅಪ್ಪನ ವಿಷಯ ಬೇರೆಯವರು ಹೇಳಲಿ. ನನ್ನ ರೋಗಿಗಳಿಗೆಲ್ಲ ನಾಲ್ಕು ಕಾಲು.

ತಮ್ಮಾ, ನಿಮ್ಮ ಪಶುವೈದ್ಯರು ಮಾಡಿದ್ದು ಸರಿಯಾಗಿಯೇ ಇದೆ. ಕರು ಹಾಕುವ ಹೊತ್ತಿಗೆ ಹಸುವಿನ ರಕ್ತದಲ್ಲಿ ವಿಟಮಿನ್ ಇ ಕುಸಿಯುತ್ತದೆ. ಒಂದಿಷ್ಟು ಗಿಣ್ಣು ಹಾಲಿಗೆ ಹೋಗುತ್ತದೆ. ಆಗ ಹೊಟ್ಟೆಗೆ ಮೇವೂ ಕಡಿಮೆ. ಹಸಿ ಮೇವಿನಲ್ಲಿ ವಿಟಮಿನ್ ಇ ಧಾರಾಳ. ಅದನ್ನೇ ಒಣಗಿಸಿ ತಿಂಗಳುಗಟ್ಟಲೆ ಇಟ್ಟರೆ ಬಹುಪಾಲು ಹಾಳಾಗುತ್ತದೆ. ಸೆಲೆನಿಯಂ ಮಣ್ಣಿನಿಂದ ಮೇವಿಗೆ ಬರಬೇಕು. ಮಣ್ಣಿನಲ್ಲಿ ಇಲ್ಲದಿದ್ದರೆ ಮೇವಿನಲ್ಲೂ ಇಲ್ಲ, ಹಸುವಿನಲ್ಲೂ ಇಲ್ಲ.

ಕಸ ಬೀಳುವುದು ಗರ್ಭಕೋಶ ಹಿಂಡಿ ತಳ್ಳುವುದರಿಂದ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಕರು ಹೊರಬಂದ ಮೇಲೆ ತಾಯಿಯ ಬಿಳಿ ರಕ್ತಕಣಗಳು ಆ ಕಸವನ್ನು ಪರಕೀಯ ಎಂದು ಗುರುತಿಸಿ, ಅಂಟಿಕೊಂಡ ಕಡೆ ಬಿಡಿಸಬೇಕು. ಆ ಕಣಗಳು ಮಂಕಾಗಿರುವ ಹಸುಗಳಲ್ಲೇ ಕಸ ಉಳಿಯುವುದು ಜಾಸ್ತಿ. ಕೆಚ್ಚಲು ಕಾಯುವುದೂ ಅದೇ ಕಣಗಳು. ನಿಮ್ಮ ಹಸುವಿಗೆ ಎರಡೂ ಒಂದರ ಹಿಂದೊಂದು ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ.

1984ರಲ್ಲಿ ಅಮೆರಿಕದ ಒಹಾಯೊದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಕರು ಹಾಕುವ ಮುಂಚೆ ಹಾಲು ಬತ್ತಿಸಿದ ದಿನಗಳಲ್ಲಿ ವಿಟಮಿನ್ ಇ ಕೊಟ್ಟ ಹಸುಗಳಲ್ಲಿ ಕಣ್ಣಿಗೆ ಕಾಣುವ ಕೆಚ್ಚಲು ಬಾವು 37% ಕಡಿಮೆ ಬಂತು. ಜೊತೆಗೆ ಸೆಲೆನಿಯಂ ಚುಚ್ಚಿದವುಗಳಲ್ಲಿ ಬಾವು ಇರುವ ದಿನಗಳು 62% ಇಳಿದವು. ಆಮೇಲಿಂದ ಇದು ನಮ್ಮ ವೃತ್ತಿಯಲ್ಲಿ ರೂಢಿಯಾಯಿತು.

ಕೊಟ್ಟಿಗೆ_ಹುಡುಗ
ಕಸ ಬೀಳುವುದೂ ಇಮ್ಯೂನಿಟಿ ಕೆಲಸ ಅಂತ ಇವತ್ತೇ ಗೊತ್ತಾಗಿದ್ದು ಡಾಕ್ಟ್ರೇ. ನಮ್ಮಲ್ಲಿ ಮಳೆ ಕೈ ಕೊಟ್ಟು ನಾಲ್ಕು ತಿಂಗಳಿಂದ ಬರೀ ಒಣ ಮೇವು.

ನಾಲ್ಕು_ಕಾಲಿನ_ಡಾಕ್ಟರು
ನೋಡಿ, ಕಾರಣ ನೀವೇ ಹೇಳಿಬಿಟ್ಟಿರಿ.

ಗಾಜಿನ_ಸ್ಲೈಡು
ನಾನು ರೋಗನಿರೋಧಕ ವಿಭಾಗದ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಇಲ್ಲಿ ಒಂದು ತಮಾಷೆ ಇದೆ, ಅದನ್ನು ಹೇಳದೆ ಇರೋಕಾಗಲ್ಲ. ಆಂಟಿಆಕ್ಸಿಡೆಂಟ್ ಇಮ್ಯೂನಿಟಿ ಹೆಚ್ಚಿಸುತ್ತದೆ ಅನ್ನುತ್ತಾರಲ್ಲ, ಆ ಇಮ್ಯೂನಿಟಿಯ ಮುಖ್ಯ ಆಯುಧವೇ ಆಕ್ಸಿಡೆಂಟ್! ಆಕ್ಸಿಡೆಂಟ್ ಅಂದರೆ ಆಮ್ಲಜನಕದಿಂದ ಹುಟ್ಟಿ, ತಗುಲಿದ್ದನ್ನು ಸುಡುವ ರಾಸಾಯನಿಕ. ಅದನ್ನು ತಡೆಯುವುದೇ ಆಂಟಿಆಕ್ಸಿಡೆಂಟ್.

ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿದ ತಕ್ಷಣ ಗಬಗಬ ಆಮ್ಲಜನಕ ಎಳೆದುಕೊಂಡು ಸೂಪರಾಕ್ಸೈಡ್ ಮಾಡುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಅದರಿಂದ ಹೈಪೋಕ್ಲೋರಸ್ ಆಮ್ಲ. ಬಟ್ಟೆಗೆ ಹಾಕುವ ಬ್ಲೀಚ್ ಇದೆಯಲ್ಲ, ಆ ಜಾತಿಯದೇ. ಈ ಕೊನೆಯ ಹಂತ ಮಾಡಿಸುವ ಕಿಣ್ವಕ್ಕೆ ಹಸಿರು ಬಣ್ಣ. ಕೀವು ಒಮ್ಮೊಮ್ಮೆ ಹಸಿರಾಗಿ ಕಾಣುವುದು ಅದಕ್ಕೇ.

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಸೂಪರಾಕ್ಸೈಡ್ ಮಾಡುವ ಕಿಣ್ವ ಕೆಟ್ಟಿರುತ್ತದೆ. ಕ್ರಾನಿಕ್ ಗ್ರ್ಯಾನುಲೋಮಾಟಸ್ ಡಿಸೀಸ್ ಅಂತಾರೆ. ಅವರ ಬಿಳಿ ಕಣ ಬ್ಯಾಕ್ಟೀರಿಯಾ ನುಂಗುತ್ತದೆ, ಕೊಲ್ಲೋಕೆ ಆಗಲ್ಲ. ಸ್ಟ್ಯಾಫೈಲೋಕಾಕಸ್, ಆಸ್ಪರ್ಜಿಲಸ್ ಬೂಷ್ಟು ಇಂಥವು ಪದೇ ಪದೇ ಕಾಡುತ್ತವೆ. ಫ್ರೀ ರ್ಯಾಡಿಕಲ್ (ಸೂಪರಾಕ್ಸೈಡ್ ಥರದ ಆಕ್ಸಿಡೆಂಟ್) ಅಂದರೆ ಬರೀ ಶತ್ರು ಅನ್ನುವವರು ಆ ಮಕ್ಕಳನ್ನು ಒಮ್ಮೆ ನೋಡಬೇಕು.

ಸುಮ್ನೆ_ಓದುವವ
ಅಯ್ಯೋ, ಹಾಗಾದರೆ ಆಂಟಿಆಕ್ಸಿಡೆಂಟ್ ಕೊಟ್ಟರೆ ಆ ಬೆಂಕಿ ಆರಿಹೋಗಲ್ವಾ? ಹಸುವಿಗೆ ಒಳ್ಳೇದು ಹೇಗಾಯ್ತು ಮತ್ತೆ?

ಗಾಜಿನ_ಸ್ಲೈಡು
ಸರಿಯಾದ ಪ್ರಶ್ನೆ. ಬೆಂಕಿ ಹಚ್ಚುವವನ ಕೈ ಸುಡಬಾರದು ತಾನೇ? ನ್ಯೂಟ್ರೋಫಿಲ್ ತನ್ನೊಳಗೇ ಬ್ಲೀಚ್ ಮಾಡುತ್ತದೆ. ಸೋರಿದ ಪೆರಾಕ್ಸೈಡ್ ಅದರ ಮೈಯನ್ನೇ ತಿನ್ನುತ್ತದೆ. ಅದನ್ನು ನೀರಾಗಿಸುವ ಕಿಣ್ವ ಗ್ಲುಟಾಥಯೋನ್ ಪೆರಾಕ್ಸಿಡೇಸ್. ಅದರ ನಡುಮಧ್ಯದಲ್ಲಿ ಕೂತಿರುವುದೇ ಸೆಲೆನಿಯಂ. ಇದು ಗೊತ್ತಾಗಿದ್ದು 1973ರಲ್ಲಿ. ವಿಟಮಿನ್ ಇ ಕೂರುವುದು ಕಣದ ಹೊರಪೊರೆಯ ಕೊಬ್ಬಿನಲ್ಲಿ. ಕೊಬ್ಬು ಕೆಡುವ ಸರಪಳಿಯನ್ನು ಅಲ್ಲೇ ಕಡಿಯುತ್ತದೆ. ಇವೆರಡೂ ಇಲ್ಲದ ಕಣ ತಾನೇ ಹಚ್ಚಿದ ಬೆಂಕಿಯಲ್ಲಿ ಸುಟ್ಟು ಬೇಗ ಸುಸ್ತಾಗುತ್ತದೆ. ಸೆಲೆನಿಯಂ ಕೊರತೆಯ ಹಸುವಿನ ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾ ನುಂಗಿದರೂ ಕೊಲ್ಲುವುದರಲ್ಲಿ ಹಿಂದೆ ಬೀಳುವುದು ಇದಕ್ಕೇ.

ಆದರೆ ಗಮನಿಸಿ, ಕೊರತೆ ಇದ್ದಾಗ. ಕೊಡ ತುಂಬಿದ ಮೇಲೆ ಸುರಿದ ನೀರು ನೆಲಕ್ಕೇ.

ಸಿ_ವಿಟಮಿನ್_ಭಕ್ತ
ನೀವೆಲ್ಲ ಏನೇ ಹೇಳಿ. ನಾನು ಆರು ವರ್ಷದಿಂದ ದಿನಾ ಸಾವಿರ ಮಿಲಿಗ್ರಾಂ ವಿಟಮಿನ್ ಸಿ ತಗೋತೀನಿ. ಒಂದು ಸಲ ನೆಗಡಿ ಆಗಿಲ್ಲ.

ತಕರಾರು_ತಮ್ಮ
ನಾನು ಆರು ವರ್ಷದಿಂದ ಏನೂ ತಗೊಂಡಿಲ್ಲ. ನನಗೂ ಆಗಿಲ್ಲ. ಈಗ?

ಸಿ_ವಿಟಮಿನ್_ಭಕ್ತ
ನಿಮ್ಮ ಬಾಯಿಗೆ ಹೆದರಿ ವೈರಸ್ ಹತ್ತಿರ ಬಂದಿರಲ್ಲ ಬಿಡಿ.

ಮಾತ್ರೆ_ಎಣಿಸುವವಳು
ಫಾರ್ಮಸಿಸ್ಟ್ ನಾನು. ಅಣ್ಣಾ, ವಿಟಮಿನ್ ಸಿ ಬಗ್ಗೆ ಪರೀಕ್ಷೆಗಳಿಗೆ ಬರ ಇಲ್ಲ. ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ 1970ರಲ್ಲಿ ಪುಸ್ತಕ ಬರೆದ ಮೇಲೆ ಜಗತ್ತೆಲ್ಲ ಇದನ್ನು ನುಂಗೋಕೆ ಶುರು ಮಾಡಿತು. 2013ರಲ್ಲಿ ವೈದ್ಯಕೀಯ ಪರೀಕ್ಷೆಗಳನ್ನು ತೂಗಿ ನೋಡುವ ಸಂಸ್ಥೆ ಕಾಕ್ರೇನ್‌ನವರು ಎಲ್ಲ ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದರು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ. ದಿನಾ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆ ಆಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ 8%, ಮಕ್ಕಳಲ್ಲಿ 14% ಬೇಗ ಹೋಯಿತು. ಅಂದರೆ ಒಂದು ವಾರದ ನೆಗಡಿಯಲ್ಲಿ ದೊಡ್ಡವರಿಗೆ ಅರ್ಧ ದಿನ, ಮಕ್ಕಳಿಗೆ ಒಂದು ದಿನ ಮಿಗುತ್ತದೆ. ಮೂಗು ಸೋರೋಕೆ ಶುರುವಾದ ಮೇಲೆ ತಗೊಂಡವರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಬೆಳಗಿನ_ಓಟ
ಅದೇ ಲೆಕ್ಕದಲ್ಲಿ ಮ್ಯಾರಥಾನ್ ಓಡುವವರಿಗೆ ನೆಗಡಿ ಅರ್ಧಕ್ಕೆ ಇಳಿದಿತ್ತು, ಅದನ್ನ ಬಿಟ್ಟುಬಿಟ್ಟಿರಿ!

ಮಾತ್ರೆ_ಎಣಿಸುವವಳು
ಬಿಟ್ಟಿದ್ದು ನಿಜ, ಒಪ್ಪಿದೆ. ಓಟಗಾರರು, ಹಿಮದಲ್ಲಿ ಸ್ಕೀ ಮಾಡುವವರು, ಚಳಿಯಲ್ಲಿ ತಾಲೀಮು ಮಾಡುವ ಸೈನಿಕರು, ಒಟ್ಟು 598 ಜನ. ಮೈಯನ್ನು ಅಷ್ಟು ದಂಡಿಸುವವರ ಕಥೆ ಅದು. ಸೋಫಾದ ಮೇಲೆ ಕೂತವರಿಗೆ ಅನ್ವಯ ಆಗಲ್ಲ.

ಬೆಳಗಿನ_ಓಟ
ಆದರೆ ನಾನೇ ನನ್ನ ವಿರುದ್ಧವೂ ಒಂದು ಸಾಕ್ಷಿ ಹೇಳುತ್ತೇನೆ. 2009ರಲ್ಲಿ ಜರ್ಮನಿಯಲ್ಲಿ ಕೆಲವು ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನರಿಗೆ ದಿನಾ ಸಾವಿರ ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ 400 ಐಯು (ವಿಟಮಿನ್ ಅಳೆಯುವ ಒಂದು ಮಾನ) ವಿಟಮಿನ್ ಇ. ಮಾತ್ರೆ ತಗೊಳ್ಳದವರಲ್ಲಿ ಇನ್ಸುಲಿನ್ ಕೆಲಸ ಚುರುಕಾಯಿತು. ತಗೊಂಡವರಲ್ಲಿ ಆಗಲಿಲ್ಲ. ಬೆವರು ಸುರಿಸಿದ್ದೆಲ್ಲ ದಂಡ! ವ್ಯಾಯಾಮದಲ್ಲಿ ಹುಟ್ಟುವ ಸಣ್ಣ ಪ್ರಮಾಣದ ಆಕ್ಸಿಡೆಂಟೇ "ನಿನ್ನ ರಕ್ಷಣೆ ಬಲ ಮಾಡಿಕೋ" ಅಂತ ಮೈಗೆ ಹೇಳುವ ಕೂಗಂತೆ. ಮಾತ್ರೆ ಆ ಕೂಗನ್ನೇ ಅಡಗಿಸುತ್ತೆ. ಅವತ್ತೇ ನನ್ನ ಡಬ್ಬಿ ಕಸದ ಬುಟ್ಟಿಗೆ ಹೋಯಿತು.

ಗಾಜಿನ_ಸ್ಲೈಡು
ಹೌದು, ಟಿ ಕಣ ಅನ್ನೋ ಇನ್ನೊಂದು ಜಾತಿಯ ಬಿಳಿ ರಕ್ತಕಣಗಳಲ್ಲೂ ಹೀಗೇ. ಟಿ ಕಣ ರೋಗಾಣು ಗುರುತಿಸಿ ಎಚ್ಚರವಾಗುವಾಗ ಒಳಗೆ ಒಂಚೂರು ಪೆರಾಕ್ಸೈಡ್ ಹುಟ್ಟಬೇಕು. ಅದು ಸಂದೇಶ. ಪೂರ್ತಿ ಅಳಿಸಿದರೆ ಕಣ ಏಳುವುದಿಲ್ಲ. ಜಾಸ್ತಿಯಾದರೆ ಸಾಯುತ್ತದೆ.

ಕುರಿಮಂದೆ_ಬಸವ
ನಮ್ಮ ಕಡೆಯದೂ ಕೇಳಿ. ಒಂದು ವರ್ಷ ಹುಟ್ಟಿದ ಮರಿಗಳು ಚೆನ್ನಾಗಿಯೇ ಇದ್ದವು. ಎರಡು ಮೂರು ವಾರಕ್ಕೆ ಹಿಂಗಾಲು ಸೆಟೆದುಕೊಂಡು ನಡೆಯೋಕೆ ಶುರು. ಒಂದೆರಡು ಓಡಿಸಿದಾಗ ಧೊಪ್ ಅಂತ ಬಿದ್ದು ಸತ್ತವು. ಯಾರೋ ದೃಷ್ಟಿ ಅಂದರು, ಯಾರೋ ವಿಷದ ಸೊಪ್ಪು ಅಂದರು. ಸತ್ತ ಮರಿಯನ್ನು ಕೊಯ್ದು ನೋಡಿದರೆ ತೊಡೆ ಮಾಂಸ ಬೇಯಿಸಿದ ಹಾಗೆ ಬೆಳ್ಳಗೆ. ಉಳಿದವಕ್ಕೆ ಇದೇ ಇಂಜೆಕ್ಷನ್. ಬಹಳಷ್ಟು ಎದ್ದು ನಿಂತವು. ಅದಕ್ಕೇ ನನಗೆ ಇದರ ಮೇಲೆ ನಂಬಿಕೆ.

ನಾಲ್ಕು_ಕಾಲಿನ_ಡಾಕ್ಟರು
ವೈಟ್ ಮಸಲ್ ಡಿಸೀಸ್. ಓಡಿಸಿದಾಗ ಸತ್ತವು ಅಂದಿರಲ್ಲ, ಅವುಗಳ ಹೃದಯದ ಸ್ನಾಯು ಕೆಟ್ಟಿತ್ತು. ಇದೇ ಕೊರತೆ ಬೇರೆ ಬೇರೆ ಪ್ರಾಣಿಯಲ್ಲಿ ಬೇರೆ ಬೇರೆ ವೇಷ ಹಾಕುತ್ತದೆ. ಹಂದಿಯಲ್ಲಿ ಹೃದಯದ ತುಂಬ ರಕ್ತದ ಕಲೆ ಬಂದು ದಿಢೀರ್ ಸಾವು. ಕೋಳಿಮರಿಗೆ ವಿಟಮಿನ್ ಇ ಇಲ್ಲದಿದ್ದರೆ ಮಿದುಳು ಮೆತ್ತಗಾಗಿ ಕತ್ತು ತಿರುಚಿಕೊಂಡು ಬೀಳುತ್ತದೆ. ಸೆಲೆನಿಯಂ ಕೂಡ ಇಲ್ಲದಿದ್ದರೆ ಚರ್ಮದಡಿ ನೀರು ತುಂಬುತ್ತದೆ. ಬರೀ ಕೊಬ್ಬಿನ ಮೀನು ತಿನ್ನಿಸಿದ ಬೆಕ್ಕಿಗೆ ಮೈಯ ಕೊಬ್ಬೆಲ್ಲ ಹಳದಿಯಾಗಿ ಗಟ್ಟಿ ಕಟ್ಟಿ, ಮುಟ್ಟಿದರೆ ಕಿರುಚುತ್ತದೆ.

ಮೂರು_ಬೆಕ್ಕು
ಬೆಕ್ಕಿನ ಮಾತು ಬಂತಲ್ಲ, ಹೇಳಲೇಬೇಕು. ನನ್ನ ಬೆಕ್ಕಿಗೆ ಜ್ವರ ಅಂತ ನಮ್ಮ ಮಾವ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ತಿನ್ನಿಸಿಬಿಟ್ಟಿದ್ದರು. ಪ್ರೀತಿಯಿಂದಲೇ. ಸಂಜೆಗೆ ಅದರ ಒಸಡು ಕಂದು ಬಣ್ಣ, ಮುಖ ಊದಿಕೊಂಡಿತ್ತು, ಏದುಸಿರು. ಆಸ್ಪತ್ರೆಯಲ್ಲಿ ಎನ್-ಅಸಿಟೈಲ್ ಸಿಸ್ಟೀನ್ ಕೊಟ್ಟು ಉಳಿಸಿದರು. ಅದೂ ಆಂಟಿಆಕ್ಸಿಡೆಂಟ್ ಜಾತಿಯದೇ ಅಂದರು. ಆದ್ದರಿಂದ ತಮ್ಮ ಅವರೇ, ಎಲ್ಲ ಮೋಸ ಅನ್ನಬೇಡಿ.

ಮಾತ್ರೆ_ಎಣಿಸುವವಳು
ಎಲ್ಲರೂ ಓದಿಕೊಳ್ಳಿ: ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಚೂರೂ ಬೇಡ. ಅದನ್ನು ಕರಗಿಸಿ ಹೊರಹಾಕುವ ದಾರಿ ಬೆಕ್ಕಿನ ಲಿವರ್‌ನಲ್ಲಿ ತೀರಾ ಕಿರಿದು. ಮೈಯಲ್ಲಿನ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟ್ ಖಾಲಿಯಾಗಿ, ಕೆಂಪು ರಕ್ತಕಣ ಆಕ್ಸಿಡೈಜ್ ಆಗಿ ಉಸಿರು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಎನ್-ಅಸಿಟೈಲ್ ಸಿಸ್ಟೀನ್ ಆ ಗ್ಲುಟಾಥಯೋನ್ ಮತ್ತೆ ತುಂಬಿಸುತ್ತದೆ. ಮನುಷ್ಯರು ಪ್ಯಾರಾಸಿಟಮಾಲ್ ವಿಪರೀತ ನುಂಗಿದಾಗಲೂ ಇದೇ ಮದ್ದು.

ತಕರಾರು_ತಮ್ಮ
ನಾನು ಎಲ್ಲ ಮೋಸ ಅಂದಿಲ್ಲ. ಅನುಮಾನ ಅಂದೆ. ಮಾವನವರ ಮೇಲೆ ಬೆಕ್ಕಿಗೂ ಈಗ ಅನುಮಾನ ಇರಬೇಕು.

ಮೂರು_ಬೆಕ್ಕು
ಅವರು ಬಂದರೆ ಮಂಚದಡಿ ಸೇರುತ್ತೆ 😂

ಕೊಟ್ಟಿಗೆ_ಹುಡುಗ
ಅಪ್ಪನ ಡಬ್ಬಿ ಬಗ್ಗೆ ಯಾರಾದರೂ ಹೇಳ್ತೀರಾ? ಬೆಕ್ಕು, ಕುರಿ, ಹಂದಿ, ಕೋಳಿ ಎಲ್ಲ ಬಂತು.

ಮಾತ್ರೆ_ಎಣಿಸುವವಳು
ಹೇಳ್ತೀನಿ, ಕ್ಷಮಿಸಿ. ನಿಮ್ಮ ಡಾಕ್ಟರು ಡಬ್ಬಿ ನೋಡಿ ಬೆಚ್ಚಿದ್ದು ಬೀಟಾ ಕ್ಯಾರೊಟಿನ್ ಕಂಡು ಇರಬೇಕು.

ಹಣ್ಣು ತರಕಾರಿ ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅನ್ನೋದು ಹಳೇ ಮಾತು. ಅವರ ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಕೂಡ ಜಾಸ್ತಿ. ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಡೋಣ ಅಂತ ಹೊರಟರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರು, 50ರಿಂದ 69 ವಯಸ್ಸಿನವರು. ಕೆಲವರಿಗೆ ಬೀಟಾ ಕ್ಯಾರೊಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಕೆಲವರಿಗೆ ಬರೀ ಹುಸಿ ಮಾತ್ರೆ. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ!

ನಂಬೋಕೆ ಯಾರೂ ತಯಾರಿರಲಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿ ಇನ್ನೊಂದು ಪರೀಕ್ಷೆ ನಡೀತಾ ಇತ್ತು, 18,314 ಜನ. ಸಿಗರೇಟು ಸೇದುವವರು, ಬಿಟ್ಟವರು, ಕಲ್ನಾರಿನ ಕೆಲಸ ಮಾಡಿದವರು. ಅಲ್ಲಿ ವಿಟಮಿನ್ ಎ ಕೂಡ ಸೇರಿಸಿ ಕೊಡುತ್ತಿದ್ದರು. 28% ಜಾಸ್ತಿ ಕ್ಯಾನ್ಸರ್ ಕಂಡು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಹಾಗಾಗಿ ಸಿಗರೇಟು ಸೇದುವ, ಸೇದಿ ಬಿಟ್ಟ ಯಾರಿಗೂ ಬೀಟಾ ಕ್ಯಾರೊಟಿನ್ ಮಾತ್ರೆ ಬೇಡ. ಕ್ಯಾರೆಟ್ ತಿಂದರೆ ಏನೂ ಆಗಲ್ಲ, ಅದು ಬೇರೆ.

ಕೊಟ್ಟಿಗೆ_ಹುಡುಗ
ಇದನ್ನ ಓದಿ ಮೈ ಜುಮ್ಮೆಂದಿತು. ಅಪ್ಪ ಎರಡು ವರ್ಷದಿಂದ ತಗೋತಾ ಇದ್ದಾರೆ.

ಮಾತ್ರೆ_ಎಣಿಸುವವಳು
ಗಾಬರಿ ಬೇಡ. 18% ಜಾಸ್ತಿ ಅಂದರೆ ನೂರು ಜನರಲ್ಲಿ ಹದಿನೆಂಟು ಮಂದಿಗೆ ಬಂತು ಅಂತಲ್ಲ. ಇದ್ದ ಅಪಾಯ ಅಷ್ಟು ಪಾಲು ಏರಿತು ಅಂತ. ಅವರ ನಿಜವಾದ ಅಪಾಯ ಇರೋದು ಸಿಗರೇಟಿನಲ್ಲಿ. ಡಬ್ಬಿ ಬಿಸಾಡಿದ ದಿನವೇ ಪ್ಯಾಕೆಟ್ಟನ್ನೂ ಬಿಸಾಡಿಸಿ. ಇನ್ನೊಂದು ಮಾತು, ಅವರು ರಕ್ತ ತೆಳು ಮಾಡುವ ಮಾತ್ರೆ ಏನಾದರೂ ತಗೋತಾರಾ?

ಕೊಟ್ಟಿಗೆ_ಹುಡುಗ
ಹೌದು, ಹೃದಯಕ್ಕೆ ಅಂತ ಒಂದು ಇದೆ.

ಮಾತ್ರೆ_ಎಣಿಸುವವಳು
ಆಯಿತು ನೋಡಿ. ಜಾಸ್ತಿ ಡೋಸಿನ ವಿಟಮಿನ್ ಇ ರಕ್ತ ಹೆಪ್ಪುಗಟ್ಟುವುದನ್ನು ಮತ್ತಷ್ಟು ತಡೆಯುತ್ತದೆ. ರಕ್ತಸ್ರಾವದ ಭಯ. ಇದು ಎರಡನೇ ಕಾರಣ. ಹೃದಯದ ಮಾತ್ರೆ ಮಾತ್ರ ಯಾವ ಕಾರಣಕ್ಕೂ ನೀವೇ ನಿಲ್ಲಿಸಬೇಡಿ, ಬಿಡೋದು ಕ್ಯಾಪ್ಸೂಲ್ ಮಾತ್ರ.

ನಿಧಾನ_ನರಸಿಂಹ
ಮೂರನೇ ಕಾರಣ ನಾನು ಸೇರಿಸ್ತೀನಿ. ಸೆಲೆನಿಯಂ ಮತ್ತು ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತಾ ಅಂತ 35,533 ಗಂಡಸರ ಮೇಲೆ ನೋಡಿದರು. 2008ರಲ್ಲಿ ಲಾಭ ಇಲ್ಲ ಅಂತ ಮಾತ್ರೆ ನಿಲ್ಲಿಸಿದರು. ಆಮೇಲೂ ಅವರನ್ನು ಗಮನಿಸುತ್ತಲೇ ಇದ್ದರು. 2011ರ ಲೆಕ್ಕದಲ್ಲಿ ಬರೀ ವಿಟಮಿನ್ ಇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಜಾಸ್ತಿ ಇತ್ತು. ತಡೆಯೋಕೆ ಹೋಗಿ ಕರೆದ ಹಾಗಾಯ್ತು.

ಸಿ_ವಿಟಮಿನ್_ಭಕ್ತ
ಎಲ್ಲ ಮಾತ್ರೆಯೂ ವಿಷ ಅನ್ನೋ ಹಾಗಿದೆ ನಿಮ್ಮ ಮಾತು. ನಮ್ಮ ಅತ್ತೆಗೆ ಕಣ್ಣಿನ ಡಾಕ್ಟರೇ ಆಂಟಿಆಕ್ಸಿಡೆಂಟ್ ಬರೆದುಕೊಟ್ಟಿದ್ದಾರೆ. ಅವರೂ ದಡ್ಡರಾ?

ನಿಧಾನ_ನರಸಿಂಹ
ಅಲ್ಲ. ವಯಸ್ಸಾದವರಿಗೆ ಕಣ್ಣಿನ ಹಿಂಪರದೆ ಸವೆಯುವ ಕಾಯಿಲೆ ಮಧ್ಯದ ಹಂತದಲ್ಲಿದ್ದರೆ, ವಿಟಮಿನ್ ಸಿ, ಇ, ಸತು ಇರುವ ಒಂದು ಜೋಡಣೆ ಅದು ಕೊನೆಯ ಹಂತಕ್ಕೆ ಹೋಗುವುದನ್ನು ಸುಮಾರು ಕಾಲು ಭಾಗ ತಡೆಯುತ್ತದೆ. 2001ರಲ್ಲಿ ಸಾಬೀತಾಯಿತು. ಮೊದಲು ಅದರಲ್ಲಿ ಬೀಟಾ ಕ್ಯಾರೊಟಿನ್ ಇತ್ತು. ಸಿಗರೇಟಿನ ಕಥೆ ಗೊತ್ತಾದ ಮೇಲೆ ಅದನ್ನು ತೆಗೆದು ಲ್ಯೂಟಿನ್, ಝಿಯಾಕ್ಸಾಂಥಿನ್ ಎಂಬ ಹಳದಿ ಬಣ್ಣದ ವಸ್ತುಗಳನ್ನು ಹಾಕಿ 2013ರಲ್ಲಿ ಮತ್ತೆ ಪರೀಕ್ಷೆ ಮಾಡಿದರು. ನಿಮ್ಮ ಅತ್ತೆಯ ಡಾಕ್ಟರು ಕಾಯಿಲೆ ನೋಡಿ ಕೊಟ್ಟಿದ್ದಾರೆ. ಇಲ್ಲಿ ಅಪ್ಪನಿಗೆ ಕೊಟ್ಟಿದ್ದು "ಯಾರೋ".

ಗಾಜಿನ_ಸ್ಲೈಡು
ವಯಸ್ಸಾದವರ ಇಮ್ಯೂನಿಟಿ ಬಗ್ಗೆಯೂ ಎರಡು ಮುಖ ಇದೆ. 1997ರಲ್ಲಿ 65 ದಾಟಿದ ಆರೋಗ್ಯವಂತರಿಗೆ ವಿಟಮಿನ್ ಇ ಬೇರೆ ಬೇರೆ ಡೋಸ್ ಕೊಟ್ಟು ನೋಡಿದರು. 200 ಮಿಲಿಗ್ರಾಂ ತಗೊಂಡವರಲ್ಲಿ ಹೆಪಟೈಟಿಸ್ ಬಿ ಲಸಿಕೆಗೆ ಪ್ರತಿಕಾಯ ಚೆನ್ನಾಗಿ ಬಂತು. 800ಕ್ಕೆ ಏರಿಸಿದರೆ ಅದಕ್ಕಿಂತ ಚೆನ್ನಾಗೇನೂ ಆಗಲಿಲ್ಲ. 2004ರಲ್ಲಿ ವೃದ್ಧಾಶ್ರಮದವರಿಗೆ ಒಂದು ವರ್ಷ 200 ಐಯು ಕೊಟ್ಟಾಗ ನೆಗಡಿ ಕಡಿಮೆಯಾಯಿತು, ಆದರೆ ಎದೆಗೆ ಇಳಿಯುವ ಸೋಂಕು ಕಡಿಮೆಯಾಗಲಿಲ್ಲ.

ದಿನಕ್ಕೆ 200 ಮಿಲಿಗ್ರಾಂ ಕೊಟ್ಟು ನೆದರ್ಲೆಂಡ್ಸ್‌ನಲ್ಲಿ 652 ಜನರ ಮೇಲೆ ನೋಡಿದಾಗ ಉಲ್ಟಾ. 2002ರ ಮಾತು. ಸೋಂಕು ಬರುವುದು ಕಡಿಮೆಯಾಗಲಿಲ್ಲ. ಬಂದದ್ದು ಜೋರಾಗಿ ಬಂತು, ಜ್ವರ ಜಾಸ್ತಿ, ಹೆಚ್ಚು ದಿನ ಮಲಗಿದರು. ಅವರು ಮೊದಲೇ ಚೆನ್ನಾಗಿ ಉಂಡು ತಿಂದು ಇದ್ದ ಜನ.

ತಕರಾರು_ತಮ್ಮ
ಈಗ ಡಾಕ್ಟ್ರಿಗೆ ನನ್ನ ಪ್ರಶ್ನೆ. ಮನುಷ್ಯರಲ್ಲಿ ಉಲ್ಟಾ ಆದದ್ದು ಹಸುವಿನಲ್ಲಿ ಯಾವತ್ತೂ ಆಗಿಲ್ವಾ? 1984ರದ್ದು ಒಂದೇ ಹೇಳಿ ಬಿಟ್ಟಿರಿ.

ನಾಲ್ಕು_ಕಾಲಿನ_ಡಾಕ್ಟರು
ಆಗಿದೆ. ಕೇಳಿದ್ದು ಒಳ್ಳೆಯದಾಯಿತು. ಅದೂ ನೆದರ್ಲೆಂಡ್ಸ್‌ನಲ್ಲೇ. 2010ರಲ್ಲಿ ಐದು ಫಾರಂಗಳಲ್ಲಿ ಬತ್ತಿದ ಹಸುಗಳಿಗೆ ದಿನಕ್ಕೆ 3000 ಐಯು ವಿಟಮಿನ್ ಇ ಕೊಟ್ಟರು. ಇನ್ನೊಂದು ಗುಂಪಿಗೆ 135 ಮಾತ್ರ. ಜಾಸ್ತಿ ಕೊಟ್ಟ ಹಸುಗಳಲ್ಲೇ ಕೆಚ್ಚಲು ಬಾವು ಹೆಚ್ಚಾಯಿತು. ಆ ಹಸುಗಳಲ್ಲಿ ಬಹಳಷ್ಟಕ್ಕೆ ಮೊದಲೇ ರಕ್ತದಲ್ಲಿ ವಿಟಮಿನ್ ಇ ಸಾಕಷ್ಟಿತ್ತು. ನನ್ನ ಹಳೇ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ಈಗಲೂ ಜಗಳಕ್ಕೇ ಬರುತ್ತಾರೆ.

ತಕರಾರು_ತಮ್ಮ
ಒಬ್ಬ ಡಾಕ್ಟರ ಬಾಯಿಂದ "ಆಗಿದೆ" ಅನ್ನೋ ಮಾತು ಕೇಳಿದ್ದು ಇದೇ ಮೊದಲು. ಶರಣು.

ಸುಮ್ನೆ_ಓದುವವ
ಹಾಗಾದರೆ ಹಸುವಿಗೂ ಅಪ್ಪನಿಗೂ ಬೇರೆ ಬೇರೆ ನಿಯಮ ಅಲ್ಲವೇ ಅಲ್ಲ. ಕೊರತೆ ಇದ್ದರೆ ಒಳ್ಳೇದು, ಇಲ್ಲದಿದ್ದರೆ ಬೇಡ ಅನ್ನೋದು ಇಬ್ಬರಿಗೂ ಒಂದೇ.

ಕುರಿಮಂದೆ_ಬಸವ
ಜಾಸ್ತಿ ಆದರೆ ಏನಾಗುತ್ತೆ ಅನ್ನೋದಕ್ಕೆ ನನ್ನ ಹತ್ತಿರ ಇನ್ನೊಂದು ಪೆಟ್ಟಿದೆ. ಹಸುವಿನ ಖನಿಜ ಮಿಶ್ರಣ ಮಿಕ್ಕಿತ್ತು ಅಂತ ಕುರಿಗಳಿಗೆ ತಿಂಗಳುಗಟ್ಟಲೆ ಹಾಕಿದೆ. ಒಂದು ದಿನ ನಾಲ್ಕು ಕುರಿ ಕಣ್ಣು ಹಳದಿ ಮಾಡಿಕೊಂಡು, ಕಾಫಿ ಬಣ್ಣದ ಉಚ್ಚೆ ಹೊಯ್ದು ಸತ್ತವು. ತಾಮ್ರ ಏರಿದ್ದಂತೆ.

ನಾಲ್ಕು_ಕಾಲಿನ_ಡಾಕ್ಟರು
ಕುರಿಗೆ ತಾಮ್ರ ಹೊರಹಾಕೋಕೆ ಬರಲ್ಲ, ಲಿವರ್‌ನಲ್ಲಿ ಕೂಡಿಡುತ್ತದೆ. ಒಂದು ದಿನ ಒತ್ತಡ ಬಿದ್ದರೆ ಎಲ್ಲ ಒಟ್ಟಿಗೆ ರಕ್ತಕ್ಕೆ ಬರುತ್ತದೆ, ಕೆಂಪು ಕಣಗಳನ್ನು ಆಕ್ಸಿಡೈಜ್ ಮಾಡಿ ಒಡೆಯುತ್ತದೆ. ವಿಚಿತ್ರ ಏನೆಂದರೆ, ಮೈಯ ಒಂದು ಮುಖ್ಯ ಆಂಟಿಆಕ್ಸಿಡೆಂಟ್ ಕಿಣ್ವ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ನಡೆಯೋಕೆ ತಾಮ್ರವೇ ಬೇಕು. ಅದೇ ತಾಮ್ರ ಕೂಡಿಬಿದ್ದರೆ ಹೀಗೆ.

ಸೆಲೆನಿಯಂ ಅಂತೂ ಇನ್ನೂ ಕಡುಕೋಪಿ. 2009ರಲ್ಲಿ ಫ್ಲೋರಿಡಾದಲ್ಲಿ ಪೋಲೋ ಪಂದ್ಯಕ್ಕೆ ಬಂದಿದ್ದ 21 ಕುದುರೆಗಳು ಒಂದರ ಹಿಂದೊಂದು ಬಿದ್ದು ಸತ್ತವು. ಶಕ್ತಿಗೆಂದು ಚುಚ್ಚಿದ ವಿಟಮಿನ್ ಮಿಶ್ರಣದಲ್ಲಿ ಸೆಲೆನಿಯಂ ಅಳತೆ ತಪ್ಪಿತ್ತು. ಅದಕ್ಕೇ ಈ ಇಂಜೆಕ್ಷನ್ ತೂಕ ನೋಡಿ ಕೊಡಬೇಕು. ಉಳಿದಿದೆ ಅಂತ ಪಕ್ಕದ ಮೇಕೆಗೆ ಚುಚ್ಚುವುದಲ್ಲ.

ಮಾತ್ರೆ_ಎಣಿಸುವವಳು
ಮನುಷ್ಯರಿಗೂ ಅದೇ. ದೊಡ್ಡವರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು. ಎಷ್ಟೋ ಕ್ಯಾಪ್ಸೂಲಿನಲ್ಲಿ 200 ಇರುತ್ತದೆ. ತಿಂಗಳುಗಟ್ಟಲೆ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರು ಬೆಳ್ಳುಳ್ಳಿ ನಾರುತ್ತದೆ. ಕೂದಲು ಉದುರುತ್ತೆ ಅಂತ ಇನ್ನೊಂದು ಡಬ್ಬಿ ಕೊಂಡವರನ್ನೂ ನಾನು ನೋಡಿದ್ದೇನೆ.

ಗಾಜಿನ_ಸ್ಲೈಡು
ಕೊರತೆ ಇದ್ದರೆ ಬರೀ ಪ್ರಾಣಿ ಸೊರಗುತ್ತದೆ ಅಂತ ತಿಳಿಯಬೇಡಿ, ವೈರಸ್ಸೇ ಬದಲಾಗಬಹುದು. ನನಗೆ ಬಹಳ ಇಷ್ಟವಾದ ಕಥೆ ಇದು.

ಚೀನಾದ ಕೆಶಾನ್ ಅನ್ನೋ ಕಡೆ 1935ರಲ್ಲಿ ಒಂದು ಹೃದಯದ ಕಾಯಿಲೆ ಕಂಡಿತು. ಹೆಚ್ಚಾಗಿ ಮಕ್ಕಳು ಮತ್ತು ಹೆಂಗಸರು ಸಾಯುತ್ತಿದ್ದರು. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ಬಹಳ ಕಡಿಮೆ. 1970ರ ದಶಕದಲ್ಲಿ ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟಾಗ ಕಾಯಿಲೆ ಇಳಿದುಹೋಯಿತು. ಆದರೆ ಒಂದು ಒಗಟು ಉಳಿಯಿತು. ಕೆಲವು ವರ್ಷ ಜಾಸ್ತಿ, ಕೆಲವು ಋತುವಿನಲ್ಲಿ ಜಾಸ್ತಿ. ಮಣ್ಣು ಋತುವಿಗೊಮ್ಮೆ ಬದಲಾಗಲ್ಲವಲ್ಲ! ರೋಗಿಗಳಲ್ಲಿ ಕಾಕ್ಸಾಕಿ ವೈರಸ್ ಸಿಕ್ಕಿತು.

ಆಮೇಲೆ ಮೆಲಿಂಡಾ ಬೆಕ್ ಎಂಬ ವಿಜ್ಞಾನಿ ಇಲಿಗಳ ಮೇಲೆ ನೋಡಿದರು. ಹೃದಯಕ್ಕೆ ಏನೂ ಮಾಡದ ಸಾಧು ಕಾಕ್ಸಾಕಿ ವೈರಸ್ಸನ್ನು ಸೆಲೆನಿಯಂ ಕೊರತೆಯ ಇಲಿಗೆ ಹಾಕಿದರು. ಹೃದಯ ಕೆಟ್ಟಿತು. ಆ ಇಲಿಯಿಂದ ವೈರಸ್ ತೆಗೆದು, ಚೆನ್ನಾಗಿ ತಿಂದುಂಡ ಇಲಿಗೆ ಹಾಕಿದರು. ಅದರ ಹೃದಯವೂ ಕೆಟ್ಟಿತು! ವೈರಸ್ಸಿನ ಆರ್‌ಎನ್‌ಎ ಅನ್ನೋ ವಂಶವಾಹಿ ವಸ್ತುವೇ ಬದಲಾಗಿಬಿಟ್ಟಿತ್ತು. 1995ರಲ್ಲಿ ಇದು ಪ್ರಕಟವಾಯಿತು. ವಿಟಮಿನ್ ಇ ಕೊರತೆಯ ಇಲಿಯಲ್ಲೂ ಹೀಗೇ ಆಯಿತು. ಅಂದರೆ ಒಬ್ಬರ ಕೊರತೆಯಲ್ಲಿ ಬೆಳೆದ ವೈರಸ್ ಪಕ್ಕದವರ ಮೇಲೂ ಏರಬಹುದು.

ಬೆಳಗಿನ_ಓಟ
ಇದು ಭಯಾನಕ. ಇವತ್ತು ನಿದ್ದೆ ಬರಲ್ಲ.

ಸಿ_ವಿಟಮಿನ್_ಭಕ್ತ
ಒಂದು ಕೊನೇ ಪ್ರಶ್ನೆ. ಆಸ್ಪತ್ರೆಯಲ್ಲಿ ರಕ್ತಕ್ಕೆ ಸೋಂಕು ಏರಿದವರಿಗೆ ಡ್ರಿಪ್‌ನಲ್ಲಿ ವಿಟಮಿನ್ ಸಿ ಕೊಡ್ತಾರೆ ಅಂತ ಕೇಳಿದ್ದೆ. ಅವರ ಮೈಯಲ್ಲಿ ಅದು ತೀರಾ ಇಳಿದಿರುತ್ತದೆ ತಾನೇ? ನೀವೇ ಹೇಳಿದ ಕೊರತೆ ನಿಯಮ.

ಗಾಜಿನ_ಸ್ಲೈಡು
ನಿಮ್ಮ ವಾದ ಚೆನ್ನಾಗಿದೆ. ತಜ್ಞರೂ ಹಾಗೇ ಅಂದುಕೊಂಡಿದ್ದರು. 2022ರಲ್ಲಿ 872 ರೋಗಿಗಳ ಪರೀಕ್ಷೆ ಬಂತು. 28 ದಿನದೊಳಗೆ ಸಾವು ಅಥವಾ ಅಂಗಾಂಗ ಚೇತರಿಸದೆ ಉಳಿದದ್ದು ವಿಟಮಿನ್ ಸಿ ಕೊಟ್ಟವರಲ್ಲಿ 44.5%, ಕೊಡದವರಲ್ಲಿ 38.5%. ಕೊಟ್ಟವರಲ್ಲೇ ಜಾಸ್ತಿ. ರಕ್ತದಲ್ಲಿ ಕಡಿಮೆ ಇದೆ ಅಂದ ಮಾತ್ರಕ್ಕೆ ದೊಡ್ಡ ಡೋಸ್ ಸುರಿದರೆ ಸರಿಹೋಗುತ್ತದೆ ಅಂತಲ್ಲ. ನನ್ನ ಕೊಡದ ಉಪಮೆಯೂ ಇಲ್ಲಿ ಸ್ವಲ್ಪ ಸೋರುತ್ತೆ, ಒಪ್ಪಿಕೊಳ್ಳುತ್ತೇನೆ.

ಸಿ_ವಿಟಮಿನ್_ಭಕ್ತ
ಸಾವಿರದಿಂದ ಐನೂರಕ್ಕೆ ಇಳಿಸ್ತೀನಿ. ಅದಕ್ಕಿಂತ ಜಾಸ್ತಿ ಇವತ್ತು ಕೇಳಬೇಡಿ.

ನಾಲ್ಕು_ಕಾಲಿನ_ಡಾಕ್ಟರು
ಅಂದಹಾಗೆ ಹಸು, ಮೇಕೆ, ನಾಯಿ, ಬೆಕ್ಕು ಎಲ್ಲ ತಮ್ಮ ವಿಟಮಿನ್ ಸಿ ತಾವೇ ಲಿವರ್‌ನಲ್ಲಿ ಮಾಡಿಕೊಳ್ಳುತ್ತವೆ. ಆ ಯಂತ್ರ ಕೆಟ್ಟಿರುವುದು ಮನುಷ್ಯ, ಮಂಗ, ಗಿನಿಯಿಲಿ ಇಂಥ ಕೆಲವರಿಗೆ ಮಾತ್ರ. ಡಬ್ಬಿ ಖರ್ಚು ನಮಗೇ ಬಂದಿದ್ದು ಹಾಗೆ.

ನಿರ್ವಾಹಕ
ನೆನಪಿರಲಿ, ಇಲ್ಲಿನ ಮಾತು ಓದಿ ಯಾರೂ ತಾವಾಗಿ ಇಂಜೆಕ್ಷನ್ ಚುಚ್ಚಬೇಡಿ. ಬೆಕ್ಕಿನ ಫೋಟೋ ಹಾಕೋಕೆ ಬೇರೆ ಎಳೆ ಇದೆ, ಮೂರು_ಬೆಕ್ಕು ಅವರೇ.

ಕೊಟ್ಟಿಗೆ_ಹುಡುಗ
ಮೂರು ವಾರ ಆದಮೇಲೆ ಬರುತ್ತಿದ್ದೇನೆ. ಅಪ್ಪನ ಡಬ್ಬಿ ಹೋಯಿತು. ಫಿನ್ಲೆಂಡಿನ ಕಥೆ ಓದಿ ಹೇಳಿದೆ. "ಅವರಿಗೆ ಮೊದಲೇ ಗೊತ್ತಿದ್ದರೆ ಹೇಳಬಾರದಿತ್ತಾ" ಅಂತ ಬೈದರು, ಆಮೇಲೆ ಸುಮ್ಮನಾದರು. ಸಿಗರೇಟು ದಿನಕ್ಕೆ ಎರಡಕ್ಕೆ ಬಂದಿದೆ. ಅವರ ಲೆಕ್ಕದಲ್ಲಿ ಎರಡು, ನನ್ನ ಲೆಕ್ಕದಲ್ಲಿ ನಾಲ್ಕು.

ಮೊನ್ನೆ ರಾತ್ರಿ ಹಸು ಕರು ಹಾಕಿತು. ಐದು ಗಂಟೆಯೊಳಗೆ ಕಸ ಬಿತ್ತು. ಕೆಚ್ಚಲು ಮೆತ್ತಗಿದೆ, ಹಾಲಿನಲ್ಲಿ ಗಡ್ಡೆ ಇಲ್ಲ. ಇಂಜೆಕ್ಷನ್ ಕೆಲಸ ಮಾಡಿತು!

ತಕರಾರು_ತಮ್ಮ
ಇಂಜೆಕ್ಷನ್ನೇ ಮಾಡಿದ್ದು ಅಂತ ಹೇಗೆ ಹೇಳ್ತೀರಿ? ಕೊಡದಿದ್ದರೂ ಬೀಳುತ್ತಿತ್ತೇನೋ. ಹೆಚ್ಚಿನ ಹಸುಗಳಿಗೆ ಬೀಳುತ್ತೆ.

ಗಾಜಿನ_ಸ್ಲೈಡು
ಇವರ ಜೊತೆ ಒಪ್ಪಬೇಕಾಗಿ ಬಂದದ್ದಕ್ಕೆ ಬೇಜಾರಿದೆ, ಆದರೆ ಸರಿ. ಒಂದು ಹಸುವಿನಿಂದ ಏನೂ ಗೊತ್ತಾಗಲ್ಲ.

ನಾಲ್ಕು_ಕಾಲಿನ_ಡಾಕ್ಟರು
ಅದಿರಲಿ. ಗಿಣ್ಣು ಹಾಲು ಕರುವಿಗೆ ಹೊಟ್ಟೆ ತುಂಬ ಕುಡಿಸಿದಿರಾ? ಹುಟ್ಟಿದ ಕರುವಿನಲ್ಲಿ ವಿಟಮಿನ್ ಇ ಇರೋದೇ ಇಲ್ಲ ಅನ್ನುವಷ್ಟು ಕಡಿಮೆ. ಪ್ರತಿಕಾಯಗಳೂ ಅಷ್ಟೇ. ಎರಡೂ ಬರಬೇಕಾದ್ದು ಆ ಹಾಲಿನಿಂದಲೇ.

ಕೊಟ್ಟಿಗೆ_ಹುಡುಗ
ಎರಡು ಗಂಟೆಯೊಳಗೇ ಕುಡಿಸಿದೆ ಡಾಕ್ಟ್ರೇ. ಅಪ್ಪನೇ ಪಕ್ಕದಲ್ಲಿ ಕೂತು ಕುಡಿಸಿದರು.

ಕುರಿಮಂದೆ_ಬಸವ
ಹೆಣ್ಣಾ, ಗಂಡಾ?

ಕೊಟ್ಟಿಗೆ_ಹುಡುಗ
ಹೆಣ್ಣು. ಹಣೆ ಮೇಲೆ ಬಿಳಿ ಚುಕ್ಕೆ.